ಮೀನುಗಳ ಡಾಕ್ಟರು ಫ್ರಾನ್ಸಿಸ್ ಡೇ

ಮಕ್ಕಳೇ, ಚೇಳು ಕುಟುಕಿದರೆ ಹೇಗಿರುತ್ತದೆಂದು ನಿಮ್ಮಲ್ಲಿ ಕೆಲವರಿಗಾದರೂ ಗೊತ್ತಿರಬಹುದು. ಆದರೆ ನೀರಿನಲ್ಲಿಯೂ ಒಂದು ಚೇಳಿದೆ ಎಂಬುದು ಗೊತ್ತೆ? ಅದೇ ಚೇಳುಮೀನು. ಹುನಗುಂದ ತಾಲ್ಲೂಕಿನ ಕೂಡಲಸಂಗಮದಲ್ಲಿ ಮಲಪ್ರಭೆ ಕೃಷ್ಣೆಯನ್ನು ಸೇರುತ್ತದೆ. ಮರೋಳದ ಹೊಲಗಳಿಗೆ ನಾರಾಯಣಪುರ ಜಲಾಶಯದ ನೀರನ್ನು ಏತ ನೀರಾವರಿಯಿಂದ ಎತ್ತುತ್ತಾರೆ. ಇಂಥ ನದಿ ಸೀಮೆಯ ಕೆರೆ, ಹಳ್ಳ, ಕೆಸರುಗುಂಡಿಗಳೇ ಚೇಳುಮೀನಿನ ಮನೆ.

ಈ ಮೀನನ್ನೂ ಸೇರಿಸಿ ನಮ್ಮ ದೇಶದ ಸುಮಾರು 1,400 ಜಾತಿಯ ಮೀನುಗಳ ವಿವರವನ್ನು ಒಂದೇ ಗ್ರಂಥದಲ್ಲಿ ಬರೆದಿಟ್ಟವರು ಫ್ರಾನ್ಸಿಸ್ ಡೇ. ಅವರು ಹುಟ್ಟಿದ್ದು 1829ರಲ್ಲಿ, ಇಂಗ್ಲೆಂಡಿನಲ್ಲಿ. ಓದಿದ್ದು ವೈದ್ಯ ವಿದ್ಯೆ. 1852ರಲ್ಲಿ ಮದರಾಸಿನ ಸೈನ್ಯಕ್ಕೆ ಡಾಕ್ಟರಾಗಿ ಬಂದರು. ಕೊಚ್ಚಿಯಲ್ಲಿದ್ದಾಗ ಅಲ್ಲಿನ ಮೀನುಗಳು ಅವರ ಮನಸ್ಸನ್ನು ಸೆಳೆದವು. 1865ರಲ್ಲಿ ಮಲಬಾರಿನ ಮೀನುಗಳ ಬಗ್ಗೆ ಪುಸ್ತಕವನ್ನೇ ಬರೆದರು. ಇಂಗ್ಲೆಂಡಿನ ಟ್ರೌಟ್ ಮೀನನ್ನು ನೀಲಗಿರಿಗೆ ತರಲು 1863ರಲ್ಲಿ ಅವರು ಮಾಡಿದ ಪ್ರಯತ್ನ ಮಾತ್ರ ಕೈಗೂಡಲಿಲ್ಲ.

ಡೇ ಅವರು ಡಾಕ್ಟರಾಗಿದ್ದುದರಿಂದಲೋ ಏನೋ, ಮೀನಿನ ರೂಪದ ಜೊತೆಗೆ ಅದರಿಂದ ಜನರಿಗೆ ಆಗುವ ತೊಂದರೆಯನ್ನೂ ಗಮನಿಸಿದರು. ಚೇಳುಮೀನಿನ ಮುಳ್ಳು ಚುಚ್ಚಿದ ಗಾಯಕ್ಕೆ ಜನ ಬಹಳ ಹೆದರುತ್ತಾರೆ, ಅದನ್ನು ವಿಷವೆಂದೇ ನಂಬುತ್ತಾರೆ ಎಂದು ಬರೆದರು. ಜನರ ಆ ನಂಬಿಕೆ ನಿಜವೇ ಆಗಿತ್ತು. ಈ ಮೀನಿಗೆ ನಾಲ್ಕು ಜೊತೆ ಮೀಸೆಗಳಿವೆ. ತಲೆಯ ಹಿಂದೆ ಎರಡೂ ಪಕ್ಕದ ರೆಕ್ಕೆಗಳಲ್ಲಿ ಒಂದೊಂದು ಗಟ್ಟಿ ಮುಳ್ಳಿದೆ. ಮುಳ್ಳಿನ ಮೇಲೆ ತೆಳು ಚರ್ಮ, ಅದರಲ್ಲಿ ವಿಷದ ಗ್ರಂಥಿ. ಹಾವಿನಂತೆ ವಿಷವನ್ನು ಒತ್ತಿ ಕಳಿಸುವ ಏರ್ಪಾಡು ಇದಕ್ಕಿಲ್ಲ. ಮುಳ್ಳು ಚುಚ್ಚಿದಾಗ ಚರ್ಮ ಹರಿದು ವಿಷ ಗಾಯಕ್ಕೆ ಇಳಿಯುತ್ತದೆ, ಅಷ್ಟೆ.  ಹಿಡಿದಾಗ, ತುಳಿದಾಗ ಮೀನು ಮುಳ್ಳನ್ನು ಸೆಟೆದು ನಿಲ್ಲಿಸುತ್ತದೆ.

ಇದು ಗಾಳಿಯನ್ನೂ ಉಸಿರಾಡಬಲ್ಲದು! ಕಿವಿರಿನಿಂದ ಬಾಲದ ಕಡೆಗೆ ಚಾಚಿದ ಉದ್ದನೆಯ ಗಾಳಿಚೀಲ ಇದಕ್ಕಿದೆ. ಆದ್ದರಿಂದ ನೀರಿನಿಂದ ತೆಗೆದ ಬಹಳ ಹೊತ್ತಿನ ಮೇಲೂ ಬದುಕಿರುತ್ತದೆ. ಸತ್ತಿದೆಯೆಂದು ಬುಟ್ಟಿಗೆ ಕೈ ಹಾಕೀರಿ, ಜೋಕೆ!

ಒಂದು ವೇಳೆ ಚುಚ್ಚಿದರೆ? ಕೂಡಲೇ ದೊಡ್ಡವರಿಗೆ ಹೇಳಿ. ಗಾಯವನ್ನು ತೊಳೆದು, ತಾಳುವಷ್ಟು ಬಿಸಿಯಾದ ನೀರಿನಲ್ಲಿ ಅರ್ಧ ಗಂಟೆಯಿಂದ ಒಂದೂವರೆ ಗಂಟೆ ಇಡಬೇಕು. ನೀರು ಸುಮಾರು 45 ಡಿಗ್ರಿ ಸೆಲ್ಸಿಯಸ್ ಮೀರಬಾರದು. ಮೊದಲು ದೊಡ್ಡವರು ಕೈ ಅದ್ದಿ ನೋಡಲಿ, ಏಕೆಂದರೆ ನೋವಿನಲ್ಲಿ ಚರ್ಮ ಸುಟ್ಟರೂ ತಿಳಿಯುವುದಿಲ್ಲ. ಈ ವಿಷ ಒಂದು ಬಗೆಯ ಪ್ರೋಟೀನು, ಶಾಖಕ್ಕೆ ಕೆಡುತ್ತದೆ, ನೋವು ಇಳಿಯುತ್ತದೆ. ಗಾಯವನ್ನು ಕೊಯ್ಯುವುದು, ಬಾಯಿಂದ ಹೀರುವುದು ಬೇಡ. ಮುಳ್ಳಿನ ಚೂರು ಒಳಗೆ ಉಳಿದರೆ ಕೀವಾಗುತ್ತದೆ. ಅದಕ್ಕೇ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಹೋಗಿ ತೋರಿಸಿ, ಧನುರ್ವಾಯು ಚುಚ್ಚುಮದ್ದನ್ನೂ ಕೇಳಬೇಕು.

ಡೇ ಅವರು 1870ರ ದಶಕದಲ್ಲಿ ಭಾರತದ ಮೀನುಗಾರಿಕೆಯ ಮಹಾ ನಿರೀಕ್ಷಕರಾದರು. ಸಣ್ಣ ಕಣ್ಣಿನ ಬಲೆಗಳಿಂದ ಮರಿಮೀನುಗಳೆಲ್ಲ ನಾಶವಾಗುತ್ತಿವೆ ಎಂದು 1873ರ ವರದಿಯಲ್ಲಿ ಸರ್ಕಾರವನ್ನು ಎಚ್ಚರಿಸಿದರು. ಸಿಡಿಮದ್ದು, ವಿಷ ಹಾಕಿ ಮೀನು ಹಿಡಿಯುವುದನ್ನು ತಡೆಯುವ ಕಾಯಿದೆ ಬಂದದ್ದು 1897ರಲ್ಲಿ. ಅದನ್ನು ನೋಡಲು ಅವರಿರಲಿಲ್ಲ.

ನಮ್ಮ ದಕ್ಷಿಣ ಕನ್ನಡದ ಒಂದು ಹೊಳೆಮೀನಿಗೆ 1874ರಲ್ಲಿ ಹೆಸರಿಟ್ಟವರೂ ಅವರೇ. ಅಲ್ಲಿ ಕಲೆಕ್ಟರಾಗಿದ್ದ ಥಾಮಸ್ ಎಂಬ ಮೀನುಪ್ರಿಯರ ಹೆಸರನ್ನೇ ಅದಕ್ಕೆ ಕೊಟ್ಟರು. ಭಾರತದ ಮೀನುಗಳ ದೊಡ್ಡ ಗ್ರಂಥ 1875ರಿಂದ 1878ರವರೆಗೆ ಭಾಗ ಭಾಗವಾಗಿ ಹೊರಬಂತು. ಲಂಡನ್ನಿನ ವಸ್ತು ಸಂಗ್ರಹಾಲಯದ ಮೀನು ತಜ್ಞ ಗುಂಥರ್ ಅವರಿಗೂ ಇವರಿಗೂ ಆಗಿಬರುತ್ತಿರಲಿಲ್ಲ. ದೊಡ್ಡವರೂ ಹೀಗೆ ಮುನಿಸಿಕೊಳ್ಳುವುದುಂಟು! 1883ರಲ್ಲಿ ಡೇ ತಮ್ಮ ಸಂಗ್ರಹದ ಬಹಳಷ್ಟು ಮೀನುಗಳನ್ನು ದೂರದ ಆಸ್ಟ್ರೇಲಿಯಾದ ಸಿಡ್ನಿ ವಸ್ತು ಸಂಗ್ರಹಾಲಯಕ್ಕೆ ಮಾರಿದರು. 1889ರ ಜುಲೈನಲ್ಲಿ ಅವರು ತೀರಿಕೊಂಡರು. ನಮ್ಮ ಹೊಳೆ, ಕಡಲುಗಳಿಂದ ಅವರು ಹಿಡಿಸಿದ ಮೀನುಗಳು ಸಿಡ್ನಿಯ ಗಾಜಿನ ಸೀಸೆಗಳಲ್ಲಿ ಇಂದಿಗೂ ಇವೆ.