ಪಾಠಶಾಲೆಗೆ ದಕ್ಕದ ಮಾಣಿಕ್ಯ

ವಿದ್ಯೆಯು ಒಂದೇ ಬಾಗಿಲಿನಿಂದ ಬರತಕ್ಕದ್ದಲ್ಲವೆಂಬುದಕ್ಕೆ ಕಲ್ಯಾಣದ ನೆಲವೇ ಸಾಕ್ಷಿ. 12ನೆಯ ಶತಮಾನದಲ್ಲಿ ಅಂಬಿಗರ ಚೌಡಯ್ಯ, ಮಡಿವಾಳ ಮಾಚಯ್ಯ, ನುಲಿಯ ಚಂದಯ್ಯ ಮೊದಲಾದ ಕಾಯಕಜೀವಿಗಳು ಅನುಭಾವದ ನುಡಿಗೆ ಒಡೆಯರಾದರು. ಏಳು ಶತಮಾನಗಳ ತರುವಾಯ ಅದೇ ಪಟ್ಟಣದಲ್ಲಿ ಬೆಳೆದ ಶ್ರೀ ಮಾಣಿಕಪ್ರಭುಗಳ ಬಾಲ್ಯವೂ ಇದೇ ಮಾತನ್ನು ಮತ್ತೊಂದು ಬಗೆಯಲ್ಲಿ ತಿಳಿಸುತ್ತದೆ.

ಮಾಣಿಕಪ್ರಭುಗಳು 1817ನೆಯ ಡಿಸೆಂಬರ್ 22ರಂದು, ದತ್ತಜಯಂತಿಯ ದಿನ, ಕಲ್ಯಾಣದ ಸಮೀಪದ ಲಾಡವಂತಿಯಲ್ಲಿ ಜನಿಸಿದರು. ತಂದೆ ಮನೋಹರ ನಾಯಕರು, ತಾಯಿ ಬಯಾದೇವಿ. ಬಾಲಕನು ಕಲ್ಯಾಣದಲ್ಲಿ ಸೋದರಮಾವನವರಾದ ಬಳವಂತರಾಯರ ಆಶ್ರಯದಲ್ಲಿ ಬೆಳೆದನು. ಅಕ್ಷರಾಭ್ಯಾಸದಲ್ಲಿ ಅವನ ಮನಸ್ಸು ನಿಲ್ಲಲಿಲ್ಲ. ಓರಗೆಯ ಮಕ್ಕಳೊಡನೆ ಅಡವಿ ಗುಡ್ಡಗಳಲ್ಲಿ ಅಲೆಯುವುದೇ ಅವನಿಗೆ ಪ್ರಿಯವಾಗಿತ್ತು. ಹುಡುಗನು ಕೆಟ್ಟನೆಂದು ಕಳವಳಗೊಂಡ ಮಾವನವರು ಅವನನ್ನು ಸುಂಕದ ಕೆಲಸಕ್ಕೆ ಸೇರಿಸಿದರು. ಅಲ್ಲಿಯೂ ಅವನು ನಿಲ್ಲಲಿಲ್ಲ. ಕೊನೆಗೆ ಮನೆಯನ್ನೇ ತೊರೆದು ಹೊರಟನು.

ಮಾವನವರ ಕೋಪವು ದ್ವೇಷದಿಂದ ಬಂದುದಲ್ಲ, ವಾತ್ಸಲ್ಯದಿಂದಲೇ ಬಂದುದು. ಓದು, ಬಳಿಕ ಉದ್ಯೋಗ, ಬಳಿಕ ಸಂಸಾರ ಎಂಬ ಒಂದೇ ಅಳತೆಗೋಲು ಅವರ ಕೈಯಲ್ಲಿತ್ತು. ಆ ಕೋಲಿನಿಂದ ಅಳೆದಾಗ ಬಾಲಕನು ಸೋತವನೇ ಸರಿ. ಆದರೆ ಅವನಲ್ಲಿ ಏಕಾಗ್ರತೆಯ ಅಭಾವವಿರಲಿಲ್ಲ. ಅದು ಬೇರೆ ಕಡೆಗೆ ತಿರುಗಿದ್ದಿತು. ಅಮೃತಕುಂಡದ ಏಕಾಂತದಲ್ಲಿ ಅವನು ತಪೋನಿರತನಾದನು. ಕನ್ನಡ, ಮರಾಠಿ, ಉರ್ದು ಭಾಷೆಗಳು ಬೀದಿಬೀದಿಯಲ್ಲಿ ಬೆರೆತಿದ್ದ ಆ ನಾಡೇ ಅವನ ಕಿವಿಗೆ ಪಾಠಶಾಲೆಯಾಯಿತು. ತೀರ್ಥಯಾತ್ರೆಗಳು ಆ ಪಾಠವನ್ನು ಇನ್ನಷ್ಟು ವಿಸ್ತರಿಸಿದವು. ಮುಂದೆ ಪ್ರಭುಗಳು ಮರಾಠಿ, ಕನ್ನಡ, ಹಿಂದಿ, ಉರ್ದು, ಸಂಸ್ಕೃತಗಳಲ್ಲಿ ಪದಗಳನ್ನು ರಚಿಸಿ ಹಾಡಿದರು.

1845ರಲ್ಲಿ ಅವರು ಹುಮನಾಬಾದಿನ ಬಳಿ, ವಿರಜಾ ಗುರುಗಂಗಾ ಸಂಗಮದಲ್ಲಿ ನೆಲೆಸಿದರು. ಆ ಸ್ಥಳವೇ ಮಾಣಿಕನಗರವೆನಿಸಿತು. ಎಲ್ಲ ಮತಗಳೂ ಸತ್ಯವೆಂಬ ಸಕಲಮತ ಸಂಪ್ರದಾಯವನ್ನು ಅವರು ಸ್ಥಾಪಿಸಿದರು. ವೀರಶೈವರೂ ಮುಸಲ್ಮಾನರೂ ಉಳಿದವರೂ ಅವರ ದರ್ಬಾರಿಗೆ ಬಂದರು. ವಿದ್ವಾಂಸರಿಗೂ ಗಾಯಕರಿಗೂ ಅಲ್ಲಿ ಆದರ ದೊರೆಯಿತು. 1865ನೆಯ ನವೆಂಬರ್ 29ರಂದು, ಮಾರ್ಗಶೀರ್ಷ ಶುದ್ಧ ಏಕಾದಶಿಯ ದಿನ, ಅವರು ಸಮಾಧಿಸ್ಥರಾದರು. ಆಗ ಅವರ ವಯಸ್ಸು 48ನ್ನು ತುಂಬಿರಲಿಲ್ಲ.

ಓದದವರೆಲ್ಲ ಪ್ರಭುಗಳಾಗುವರೆಂದು ಇದರ ತಾತ್ಪರ್ಯವಲ್ಲ. ಸೋಮಾರಿಯ ಅಲೆದಾಟವೇ ಬೇರೆ, ಸಾಧಕನ ಅಲೆದಾಟವೇ ಬೇರೆ. ಎರಡೂ ಹೊರಗಿನಿಂದ ಒಂದೇ ತೆರನಾಗಿ ಕಾಣುವುದರಿಂದಲೇ ಹಿರಿಯರ ತೀರ್ಪು ತಪ್ಪುತ್ತದೆ. ಪಾಠದಲ್ಲಿ ಮುಂದಿರುವ ಬಾಲಕನೂ ಬಾಳಿನಲ್ಲಿ ಎಡವುವುದುಂಟು. ಅವನು ಕಲಿತದ್ದು ಒಪ್ಪಿಸುವ ವಿದ್ಯೆ ಮಾತ್ರವಾಗಿದ್ದರೆ, ಒಪ್ಪಿಸಿಕೊಳ್ಳುವವರು ಇಲ್ಲವಾದೊಡನೆ ಅದೂ ಮುಗಿಯುತ್ತದೆ. ಆದುದರಿಂದ ಗುರುವಾದವನು ಶಿಷ್ಯನ ಮನಸ್ಸು ಎಲ್ಲಿಲ್ಲವೆಂದು ಗುರುತಿಸಿದರಷ್ಟೇ ಸಾಲದು. ಅದು ಎಲ್ಲಿದೆಯೆಂದೂ ಅರಸತಕ್ಕದ್ದು. ಪಾಠಶಾಲೆಯಲ್ಲಿ ನಿಲ್ಲದ ಆ ಬಾಲಕನ ಹೆಸರಿನಲ್ಲಿ ಮುಂದೆ ಮಾಣಿಕನಗರದಲ್ಲಿ ಪಾಠಶಾಲೆಗಳೇ ಎದ್ದವು. ಕಣ್ಣು ಕಾಣದ ಮಕ್ಕಳಿಗೂ ಅಲ್ಲಿ ವಿದ್ಯೆಯ ಬಾಗಿಲು ತೆರೆಯಿತು.