ಪುಣೆಯಲ್ಲಿ ಸರ್ ಎಂ.ವಿ.: ಕಾವಲುಗಾರ ಬೇಡದ ಬಾಗಿಲು

ಸೆಪ್ಟೆಂಬರ್ 15 ಇಂಜಿನಿಯರುಗಳ ದಿನ. ಅಂದಿನ ತಾಂತ್ರಿಕ ಸಮ್ಮೇಳನಗಳಲ್ಲಿ ಭಾರತರತ್ನ ಸರ್ ಎಂ. ವಿಶ್ವೇಶ್ವರಯ್ಯನವರ ಭಾವಚಿತ್ರಕ್ಕೆ ಹಾರ ಬೀಳುತ್ತದೆ. ನಮ್ಮ ಕನ್ನಡ ಸಂಘಗಳೂ ಅವರನ್ನು ನೆನೆಯುತ್ತವೆ. ಆದರೆ ಹೆಚ್ಚಿನ ಭಾಷಣಗಳು ಕನ್ನಂಬಾಡಿಯಿಂದ ಶುರುವಾಗಿ ದಿವಾನಗಿರಿಯಲ್ಲಿ ಮುಗಿಯುತ್ತವೆ. ಅದಕ್ಕೂ ಮೊದಲು ಸುಮಾರು ಕಾಲು ಶತಮಾನ ಅವರು ನಮ್ಮಂತೆಯೇ ಹೊರನಾಡ ಕನ್ನಡಿಗರಾಗಿದ್ದರು. ಬೇಕಾದ ಗಳಿಗೆಯಲ್ಲಿ ಯಂತ್ರ ಕೈಕೊಡದಂತೆ ರೂಪಿಸುವ ವಿದ್ಯೆಗೆ ಇಂದು ‘ರಿಲಯಬಿಲಿಟಿ ಇಂಜಿನಿಯರಿಂಗ್’ ಎಂಬ ಹೆಸರಿದೆ. ಆ ಹೆಸರು ಚಾಲ್ತಿಗೆ ಬರುವ ಎಷ್ಟೋ ಮೊದಲೇ ಎಂ.ವಿ. ಅದನ್ನು ಪುಣೆಯ ಬಳಿ ಮಾಡಿ ತೋರಿಸಿದ್ದರು.

ಮುದ್ದೇನಹಳ್ಳಿಯಲ್ಲಿ ಹುಟ್ಟಿ, ಎಳೆಯ ವಯಸ್ಸಿನಲ್ಲೇ ತಂದೆಯನ್ನು ಕಳೆದುಕೊಂಡು, ಬೆಂಗಳೂರಿನಲ್ಲಿ ಮನೆಪಾಠ ಹೇಳಿ ಓದಿದ ಅವರು ಮೈಸೂರು ಸರಕಾರದ ವಿದ್ಯಾರ್ಥಿವೇತನದಿಂದ ಪುಣೆಯ ವಿಜ್ಞಾನ ಕಾಲೇಜು ಸೇರಿದರು. 1884ರಲ್ಲಿ ಮುಂಬಯಿ ಪ್ರಾಂತದ ಲೋಕೋಪಯೋಗಿ ಇಲಾಖೆಯಲ್ಲಿ ನೌಕರಿ ದೊರೆಯಿತು.

ಪುಣೆಗೆ ನೀರುಣಿಸುವ ಖಡಕ್‌ವಾಸ್ಲಾದಲ್ಲಿ ಮಳೆಗಾಲದ ಹೆಚ್ಚುವರಿ ನೀರು ಕೋಡಿ ಹರಿದು ವ್ಯರ್ಥವಾಗುತ್ತಿತ್ತು. ಕೋಡಿಯ ಮೇಲೆ ಸಾಮಾನ್ಯ ಬಾಗಿಲು ಕೂರಿಸಬಹುದು, ಸರಿ. ನಡುರಾತ್ರಿ ನೆರೆ ಬಂದರೆ ತೆರೆಯುವವರು ಯಾರು? ಕಾವಲುಗಾರ ನಿದ್ದೆಹೋದರೆ ಕಟ್ಟೆಗೂ ಆಪತ್ತು, ಕೆಳಗಿನ ಊರಿಗೂ ಆಪತ್ತು. 1903ರಲ್ಲಿ ಎಂ.ವಿ. ಕೂರಿಸಿದ ಬಾಗಿಲುಗಳಿಗೆ ಕಾವಲುಗಾರನೇ ಬೇಡ. ನೀರು ಗೊತ್ತಾದ ಮಟ್ಟ ಮೀರಿದೊಡನೆ ಅದರ ಬಲದಿಂದಲೇ ತೆರೆದುಕೊಳ್ಳುತ್ತಿದ್ದವು. ಇಳಿದರೆ ತಾವೇ ಮುಚ್ಚಿಕೊಳ್ಳುತ್ತಿದ್ದವು. ಕಟ್ಟೆ ಎತ್ತರಿಸದೆಯೇ ಸುಮಾರು 8 ಅಡಿ ಹೆಚ್ಚು ನೀರು ನಿಂತಿತು. ಪೇಟೆಂಟ್ ಪಡೆದರೂ, ಸರಕಾರಿ ನೌಕರನಾಗಿ ಮಾಡಿದ ಕೆಲಸವೆಂದು ಅವರು ಅದರ ರಾಯಧನ ಒಪ್ಪಲಿಲ್ಲ. ಗ್ವಾಲಿಯರ್‌ನ ಟಿಗ್ರಾಕ್ಕೂ, ಬಳಿಕ ಕನ್ನಂಬಾಡಿಗೂ ಸ್ವಯಂಚಾಲಿತ ಬಾಗಿಲುಗಳು ಬಂದವು.

1908ರ ಸೆಪ್ಟೆಂಬರ್‌ನಲ್ಲಿ ಮೂಸಿ ನದಿ ಉಕ್ಕಿ ಹೈದರಾಬಾದಿನಲ್ಲಿ ಸಾವಿರಾರು ಜನ ಸತ್ತಾಗ ನಿಜಾಮರ ಸರಕಾರ ಇವರನ್ನೇ ಕರೆಸಿತು. ನೆರೆಯನ್ನು ನಗರದ ಮೇಲ್ಗಡೆಯೇ ತಡೆದು ನಿಲ್ಲಿಸಬೇಕೆಂಬುದು ಅವರ ಸಲಹೆ. 1920ರ ಉಸ್ಮಾನ್ ಸಾಗರ, 1927ರ ಹಿಮಾಯತ್ ಸಾಗರ ಅದರ ಫಲ.

1961ರ ಜುಲೈ 12ರಂದು ಖಡಕ್‌ವಾಸ್ಲಾದ ಮೇಲ್ಗಡೆಯ ಪಾನ್‌ಶೇತ್ ಮಣ್ಣಿನ ಅಣೆಕಟ್ಟು ಒಡೆಯಿತು. ಆ ರಭಸಕ್ಕೆ ಖಡಕ್‌ವಾಸ್ಲಾದ ಹಳೆಯ ಕಟ್ಟೆಯೂ ಬಿರಿದು ಪುಣೆಗೆ ನೀರು ನುಗ್ಗಿತು. ಯಾವ ಬಾಗಿಲೂ ತಾಳಲಾಗದ ನೀರು ಅದು. ಆ ದೋಷವನ್ನು ಎಂ.ವಿ.ಯವರ ಲೆಕ್ಕಕ್ಕೆ ಬರೆಯುವುದು ಸಲ್ಲದು. ನೂರರ ಆಸುಪಾಸಿನಲ್ಲಿದ್ದ ಅವರು ಮರುವರ್ಷ ಏಪ್ರಿಲ್‌ನಲ್ಲಿ ಬೆಂಗಳೂರಿನಲ್ಲಿ ತೀರಿಕೊಂಡರು. ಸಮಾಧಿ ಹುಟ್ಟೂರು ಮುದ್ದೇನಹಳ್ಳಿಯಲ್ಲಿದೆ.