ಹೊಸತನದ ಅರ್ಥಶಾಸ್ತ್ರಜ್ಞ ಜೋಸೆಫ್ ಶುಂಪೀಟರ್

ದ್ವಿತೀಯ ಪಿಯುಸಿಯಲ್ಲಿ ಅರ್ಥಶಾಸ್ತ್ರ ಓದುವ ಎಲ್ಲರಿಗೂ ಕೇನ್ಸ್ ಅವರ ಹೆಸರು ಗೊತ್ತು. ಕೇನ್ಸ್ ಹುಟ್ಟಿದ್ದು 1883ರಲ್ಲಿ. ಕಾರ್ಲ್ ಮಾರ್ಕ್ಸ್ ತೀರಿಕೊಂಡದ್ದೂ ಅದೇ ವರ್ಷ. ಅದೇ 1883ರ ಫೆಬ್ರವರಿ 8ರಂದು, ಆಗಿನ ಆಸ್ಟ್ರಿಯಾ-ಹಂಗೇರಿ ಸಾಮ್ರಾಜ್ಯಕ್ಕೆ ಸೇರಿದ್ದ ಮೊರಾವಿಯಾದ ಟ್ರೀಶ್ ಎಂಬ ಸಣ್ಣ ಪಟ್ಟಣದಲ್ಲಿ ಜೋಸೆಫ್ ಶುಂಪೀಟರ್ ಹುಟ್ಟಿದರು. ಆ ಊರು ಈಗ ಚೆಕ್ ಗಣರಾಜ್ಯದಲ್ಲಿದೆ. ಕೇನ್ಸ್ ಮತ್ತು ಮಾರ್ಕ್ಸ್ ಬಗ್ಗೆ ನಮ್ಮಲ್ಲಿ ಬಹಳ ಚರ್ಚೆಯಾಗುತ್ತದೆ, ಶುಂಪೀಟರ್ ಬಗ್ಗೆ ಅಷ್ಟಾಗಿ ಆಗುವುದಿಲ್ಲ. ಆದರೆ ಹೊಸ ಯಂತ್ರ, ಹೊಸ ತಂತ್ರಜ್ಞಾನ ಬಂದಾಗ ಆರ್ಥಿಕತೆಗೆ ಏನಾಗುತ್ತದೆ ಎಂದು ಕೇಳುವ ಯಾರೇ ಆದರೂ ಮೊದಲು ಹೋಗಬೇಕಾದದ್ದು ಅವರ ಬಳಿಗೇ.

ಅವರದು ಬಟ್ಟೆ ಗಿರಣಿ ನಡೆಸುತ್ತಿದ್ದ ಮನೆತನ. ಹುಡುಗನಿಗೆ ನಾಲ್ಕು ವರ್ಷವಾಗಿದ್ದಾಗ ತಂದೆ ತೀರಿಕೊಂಡರು. ತಾಯಿ ಯೋಹಾನಾ ಮಗನನ್ನು ಕರೆದುಕೊಂಡು ಗ್ರಾತ್ಸ್ ನಗರಕ್ಕೆ ಬಂದರು. ಕೆಲವು ವರ್ಷಗಳ ನಂತರ ತನಗಿಂತ ಮೂವತ್ತಕ್ಕೂ ಹೆಚ್ಚು ವರ್ಷ ಹಿರಿಯರಾದ ನಿವೃತ್ತ ಸೇನಾಧಿಕಾರಿಯೊಬ್ಬರನ್ನು ಮದುವೆಯಾಗಿ ವಿಯೆನ್ನಾಕ್ಕೆ ಹೋದರು. ಆ ಮದುವೆಯ ಫಲವಾಗಿ ಗಿರಣಿ ಮನೆಯ ಹುಡುಗನಿಗೆ ಶ್ರೀಮಂತ ಮನೆತನಗಳ ಮಕ್ಕಳು ಓದುವ ತೆರೇಸಿಯಾನುಮ್ ಶಾಲೆಯಲ್ಲಿ ಸೀಟು ಸಿಕ್ಕಿತು. ಲ್ಯಾಟಿನ್, ಗ್ರೀಕ್, ಫ್ರೆಂಚ್, ಇಂಗ್ಲಿಷ್, ಇಟಾಲಿಯನ್ ಎಲ್ಲವನ್ನೂ ಅಲ್ಲೇ ಕಲಿತರು. ದೊಡ್ಡ ಮನೆಯವರ ನಡೆನುಡಿ, ಉಡುಗೆ ತೊಡುಗೆಯ ಠೀವಿಯೂ ಅಲ್ಲೇ ಅಂಟಿಕೊಂಡಿತು, ಕೊನೆಯವರೆಗೂ ಬಿಡಲಿಲ್ಲ.

ವಿಯೆನ್ನಾ ವಿಶ್ವವಿದ್ಯಾಲಯದಲ್ಲಿ ಅವರು 1906ರಲ್ಲಿ ಡಾಕ್ಟರೇಟ್ ಪಡೆದದ್ದು ಕಾನೂನಿನಲ್ಲಿ. ಆಗ ಅಲ್ಲಿ ಅರ್ಥಶಾಸ್ತ್ರವನ್ನು ಕಾನೂನು ವಿಭಾಗದಲ್ಲೇ ಕಲಿಸುತ್ತಿದ್ದರು. ನಂತರ ಕೈರೋಗೆ ಹೋಗಿ ವಕೀಲಿಕೆ ಮಾಡಿದರು, ಈಜಿಪ್ಟಿನ ರಾಜಕುಮಾರಿಯೊಬ್ಬರ ಹಣಕಾಸಿನ ವ್ಯವಹಾರ ನೋಡಿಕೊಂಡರು. ಮೊದಲ ಪುಸ್ತಕ ಹೊರಬಂದಾಗ ಅವರ ವಯಸ್ಸು 25.

1909ರಲ್ಲಿ ಸಾಮ್ರಾಜ್ಯದ ಪೂರ್ವದ ಅಂಚಿನ ಚೆರ್ನೋವಿಟ್ಸ್‌ನಲ್ಲಿ ಪ್ರಾಧ್ಯಾಪಕ ಹುದ್ದೆ ಸಿಕ್ಕಿತು. ಈ ಊರು ಇಂದು ಉಕ್ರೇನಿನಲ್ಲಿದೆ. ಅಲ್ಲಿನ ಒಂದು ಪ್ರಸಂಗ ನಮ್ಮ ಗ್ರಂಥಾಲಯಕ್ಕೆ ನಿತ್ಯ ಹೋಗುವವರಿಗೆ ಇಷ್ಟವಾಗಬಹುದು. ಶುಂಪೀಟರ್ ಓದಲು ಹೇಳಿದ ಪುಸ್ತಕಗಳನ್ನು ವಿದ್ಯಾರ್ಥಿಗಳಿಗೆ ಕೊಡಲು ಗ್ರಂಥಪಾಲಕರು ಒಪ್ಪಲಿಲ್ಲ. ಮಾತಿಗೆ ಮಾತು ಬೆಳೆದು, ಆ ಕಾಲದ ಪದ್ಧತಿಯಂತೆ ಕತ್ತಿ ಹಿಡಿದು ದ್ವಂದ್ವಕ್ಕೆ ನಿಲ್ಲುವವರೆಗೂ ಹೋಯಿತು. ಗ್ರಂಥಪಾಲಕರ ಭುಜಕ್ಕೆ ಸಣ್ಣ ಗಾಯವಾಯಿತು, ವಿದ್ಯಾರ್ಥಿಗಳಿಗೆ ಪುಸ್ತಕ ಸಿಕ್ಕಿತು, ಮುಂದೆ ಇಬ್ಬರೂ ಸ್ನೇಹಿತರಾದರಂತೆ. ತಮಾಷೆಯೆಂದರೆ, ಕೆಲವೇ ವರ್ಷಗಳಲ್ಲಿ ಗ್ರಾತ್ಸ್ ವಿಶ್ವವಿದ್ಯಾಲಯದ ವಿದ್ಯಾರ್ಥಿಗಳು ಇದೇ ಮೇಷ್ಟ್ರ ಕಟ್ಟುನಿಟ್ಟು ತಾಳಲಾರದೆ ಅವರ ತರಗತಿಯನ್ನೇ ಬಹಿಷ್ಕರಿಸಿದರು.

ಶುಂಪೀಟರ್ ಹೆಸರು ಉಳಿದಿರುವುದು ಆ ದಿನಗಳಲ್ಲಿ ಬರೆದ ಆರ್ಥಿಕ ಬೆಳವಣಿಗೆಯ ಸಿದ್ಧಾಂತದ ಪುಸ್ತಕದಿಂದ. ಅದು ಹೊರಬಂದದ್ದು 1911ರಲ್ಲಿ. ಅದರಲ್ಲಿ ಅವರು ಎತ್ತಿಕೊಂಡ ಪ್ರಶ್ನೆ ನಮ್ಮ ಪಠ್ಯದ ಪಕ್ಕದಲ್ಲೇ ಇದೆ. ಪರಿಪೂರ್ಣ ಪೈಪೋಟಿಯಲ್ಲಿ ದೀರ್ಘಾವಧಿಗೆ ಸಾಮಾನ್ಯ ಲಾಭ ಮಾತ್ರ ಉಳಿಯುತ್ತದೆ ಎಂದು ನಾವು ಓದುತ್ತೇವೆ, ರೇಖೆ ಎಳೆಯುತ್ತೇವೆ, ಅಂಕ ತೆಗೆಯುತ್ತೇವೆ. ಹಾಗಾದರೆ ಲೋಕದಲ್ಲಿ ಕಾಣುವ ದೊಡ್ಡ ದೊಡ್ಡ ಲಾಭ ಎಲ್ಲಿಂದ ಬಂತು?

ಶುಂಪೀಟರ್ ಮೊದಲು ಬದಲಾವಣೆಯೇ ಇಲ್ಲದ ಒಂದು ಆರ್ಥಿಕತೆಯನ್ನು ಕಲ್ಪಿಸಿಕೊಂಡರು. ಅಲ್ಲಿ ರೈತ ಅದೇ ಬೆಳೆ ಬೆಳೆಯುತ್ತಾನೆ, ನೇಕಾರ ಅದೇ ಬಟ್ಟೆ ನೇಯುತ್ತಾನೆ, ಈ ವರ್ಷ ಮಾರಿದ್ದನ್ನೇ ಬರುವ ವರ್ಷವೂ ಅದೇ ಬೆಲೆಗೆ ಮಾರುತ್ತಾನೆ. ಗಾಣದೆತ್ತು ಸುತ್ತಿದ ಹಾಗೆ ಎಲ್ಲವೂ ಸುತ್ತುತ್ತಿರುತ್ತದೆ. ಇಂಥ ಕಡೆ ಖರ್ಚು ಕಳೆದರೆ ಕೂಲಿ ಉಳಿಯುತ್ತದೆ, ಲಾಭ ಉಳಿಯುವುದಿಲ್ಲ. ಬಡ್ಡಿಗೂ ಅಲ್ಲಿ ಜಾಗವಿಲ್ಲ ಎಂದು ಅವರು ವಾದಿಸಿದರು. ಏಕೆಂದರೆ ಬಡ್ಡಿ ಕಟ್ಟಲು ಹೆಚ್ಚುವರಿ ಹಣ ಹುಟ್ಟುವುದೇ ಹೊಸತನದಿಂದ. ಈ ಒಂದು ಮಾತಿಗಾಗಿ ಅವರ ಗುರು ಬೋಮ್-ಬಾವರ್ಕ್ ಅವರೇ ಎದುರು ವಾದಕ್ಕೆ ಇಳಿದರು. ಇಂದಿಗೂ ಹೆಚ್ಚಿನ ಅರ್ಥಶಾಸ್ತ್ರಜ್ಞರು ಇದನ್ನು ಒಪ್ಪುವುದಿಲ್ಲ.

ಈ ಸುತ್ತನ್ನು ಮುರಿಯುವವನೇ ಉದ್ಯಮಿ. ಅವನು ಹೊಸ ವಸ್ತುವನ್ನು ತರಬಹುದು, ಹಳೆಯ ವಸ್ತುವನ್ನೇ ಹೊಸ ವಿಧಾನದಲ್ಲಿ ಮಾಡಬಹುದು, ಹೊಸ ಮಾರುಕಟ್ಟೆಯನ್ನೋ ಕಚ್ಚಾಮಾಲಿನ ಹೊಸ ಮೂಲವನ್ನೋ ಹಿಡಿಯಬಹುದು, ಉದ್ಯಮದ ವ್ಯವಸ್ಥೆಯನ್ನೇ ಬದಲಿಸಬಹುದು. ಗಮನಿಸಿ, ಕಂಡುಹಿಡಿಯುವವನು ಬೇರೆ, ಅದನ್ನು ಬಳಕೆಗೆ ತರುವವನು ಬೇರೆ. ಹಬೆಯಂತ್ರದ ಉದಾಹರಣೆ ನೋಡಬಹುದು. ಜೇಮ್ಸ್ ವಾಟ್ 1769ರಲ್ಲೇ ತಮ್ಮ ಸುಧಾರಿತ ಯಂತ್ರಕ್ಕೆ ಪೇಟೆಂಟ್ ಪಡೆದಿದ್ದರು. ಆದರೆ ಅದು ಗಣಿಗಳಿಗೆ ಇಳಿದದ್ದು 1775ರಲ್ಲಿ ಮ್ಯಾಥ್ಯೂ ಬೋಲ್ಟನ್ ಪಾಲುದಾರರಾದ ಮೇಲೆ. ಹಳೆಯ ಯಂತ್ರಕ್ಕೆ ಹೋಲಿಸಿ ಎಷ್ಟು ಕಲ್ಲಿದ್ದಲು ಉಳಿಯಿತೋ ಅದರ ಮೂರನೇ ಒಂದು ಪಾಲು ಹಣ ಕೊಡಿ ಎಂಬುದು ಅವರ ಕರಾರು. ಗಣಿ ಮಾಲೀಕರಿಗೂ ಉಳಿತಾಯ, ಕಂಪನಿಗೂ ಗಳಿಕೆ. ಶುಂಪೀಟರ್ ಹೇಳುವ ಲಾಭ ಇದೇ. ಇತರರು ನಕಲು ಮಾಡಿ ಬೆಲೆ ಇಳಿಯುವವರೆಗೆ ಮಾತ್ರ ಅದು ಬಾಳುತ್ತದೆ.

ಆದರೆ ಉದ್ಯಮಿಯ ಕೈಯಲ್ಲಿ ಹಣವಿರಬೇಕೆಂದಿಲ್ಲ. ಹಣ ಕೊಡುವವರು ಬ್ಯಾಂಕಿನವರು. ಸೋತರೆ ನಷ್ಟ ಹೊರುವವರೂ ಹಣ ಕೊಟ್ಟವರೇ ಎಂದು ಶುಂಪೀಟರ್ ಬರೆದರು. ಈ ವಾಕ್ಯ ಮುಂದೆ ಅವರ ಬದುಕಿನಲ್ಲೇ ಪರೀಕ್ಷೆಗೆ ಬಂತು.

ಮೊದಲ ಮಹಾಯುದ್ಧದಲ್ಲಿ ಸಾಮ್ರಾಜ್ಯ ಚೂರಾಯಿತು. 1919ರ ಮಾರ್ಚ್‌ನಲ್ಲಿ ಅವರು ಹೊಸ ಆಸ್ಟ್ರಿಯಾ ಗಣರಾಜ್ಯದ ಹಣಕಾಸು ಮಂತ್ರಿಯಾದರು. ಬೊಕ್ಕಸ ಬರಿದಾಗಿತ್ತು, ಹಣದುಬ್ಬರ ಏರುತ್ತಿತ್ತು. ಯುದ್ಧದ ಸಾಲ ತೀರಿಸಲು ಆಸ್ತಿವಂತರ ಮೇಲೆ ಒಂದು ಬಾರಿಯ ತೆರಿಗೆ ಹಾಕುವುದು ಅವರ ಯೋಜನೆ. ಸಂಪುಟದಲ್ಲೇ ಅವರಿಗೆ ಬೆಂಬಲವಿರಲಿಲ್ಲ, ಅಕ್ಟೋಬರ್‌ನಲ್ಲಿ ಹುದ್ದೆ ಹೋಯಿತು. ಏಳು ತಿಂಗಳ ಮಂತ್ರಿಗಿರಿ ಅಷ್ಟೇ.

1921ರಲ್ಲಿ ಅವರು ವಿಯೆನ್ನಾದ ಬೀಡರ್‌ಮಾನ್ ಬ್ಯಾಂಕಿನ ಅಧ್ಯಕ್ಷರಾದರು. ಒಳ್ಳೆಯ ಸಂಬಳ, ಸಾಲದ ಸೌಲಭ್ಯ. ತಾವೇ ಹಲವು ಉದ್ಯಮಗಳಲ್ಲಿ ಹಣ ಹೂಡಿದರು. 1924ರಲ್ಲಿ ವಿಯೆನ್ನಾ ಷೇರುಪೇಟೆ ಕುಸಿದಾಗ ಹೂಡಿದ್ದೆಲ್ಲ ಮುಳುಗಿತು, ಬ್ಯಾಂಕಿನ ಕೆಲಸವೂ ಹೋಯಿತು. ಉಳಿದದ್ದು ಭಾರೀ ಸಾಲ. ಬ್ಯಾಂಕು ಮತ್ತು ಉದ್ಯಮ ಹೇಗೆ ನಡೆಯುತ್ತವೆ ಎಂದು ಇಡೀ ಯುರೋಪಿಗೆ ವಿವರಿಸಿದ್ದ ವ್ಯಕ್ತಿ ಎರಡರಲ್ಲೂ ಸೋತಿದ್ದರು. ಇದನ್ನು ಹೇಳಿ ನಗುವವರಿದ್ದಾರೆ. ಆದರೆ ಅವರ ಸಿದ್ಧಾಂತದ ಪ್ರಕಾರ ಹತ್ತು ಜನ ಹೊಸದಕ್ಕೆ ಕೈಹಾಕಿದರೆ ಹಲವರು ಸೋಲಲೇಬೇಕು. ಸೋತವರ ಸಾಲಿನಲ್ಲಿ ಅವರೂ ನಿಂತರು, ಅಷ್ಟೇ. ನನಗೆ ಹೆಚ್ಚು ಮುಖ್ಯವಾಗಿ ಕಾಣುವುದು ನಂತರ ಅವರು ಮಾಡಿದ ಕೆಲಸ. ತಪ್ಪಿಸಿಕೊಳ್ಳುವ ದಾರಿ ಹುಡುಕದೆ, ಪಾಠ ಹೇಳಿ, ಭಾಷಣ ಮಾಡಿ, ಪತ್ರಿಕೆಗಳಿಗೆ ಲೇಖನ ಬರೆದು, ವರ್ಷಗಟ್ಟಲೆ ಆ ಸಾಲ ತೀರಿಸಿದರು.

1925ರಲ್ಲಿ ಜರ್ಮನಿಯ ಬಾನ್ ವಿಶ್ವವಿದ್ಯಾಲಯ ಅವರನ್ನು ಕರೆಯಿತು. ಅದೇ ನವೆಂಬರ್‌ನಲ್ಲಿ ಆನಿ ರೈಸಿಂಗರ್ ಅವರನ್ನು ಮದುವೆಯಾದರು. ಮೊದಲ ಮದುವೆ ಎಂದೋ ಮುರಿದುಬಿದ್ದಿತ್ತು. ಆನಿ ಅವರಿಗಿಂತ ಸುಮಾರು ಇಪ್ಪತ್ತು ವರ್ಷ ಚಿಕ್ಕವರು, ವಿಯೆನ್ನಾದಲ್ಲಿ ತಾಯಿ ವಾಸವಿದ್ದ ಕಟ್ಟಡದ ಮೇಲ್ವಿಚಾರಕರ ಮಗಳು. 1926ರ ಜೂನ್‌ನಲ್ಲಿ ತಾಯಿ ತೀರಿಕೊಂಡರು. ಆಗಸ್ಟ್‌ನಲ್ಲಿ ಹೆರಿಗೆಯ ವೇಳೆ ಆನಿ ತೀರಿಕೊಂಡರು, ಹುಟ್ಟಿದ ಗಂಡುಮಗು ಕೆಲವೇ ಗಂಟೆ ಬದುಕಿತು. ಶುಂಪೀಟರ್ ಆನಿಯ ದಿನಚರಿಯನ್ನು ತೆಗೆದುಕೊಂಡು ತಮ್ಮ ಕೈಯಿಂದ ಒಂದೊಂದೇ ಪುಟ ನಕಲು ಮಾಡತೊಡಗಿದರು. ಈ ಅಭ್ಯಾಸ ವರ್ಷಗಳ ಕಾಲ ನಡೆಯಿತು. ಹೊರಗೆ ಮಾತ್ರ ಅದೇ ಠೀವಿ, ಅದೇ ನಗು.

1932ರಲ್ಲಿ ಅಮೆರಿಕದ ಹಾರ್ವರ್ಡ್‌ಗೆ ಹೋದರು, ಮತ್ತೆ ಯುರೋಪಿನಲ್ಲಿ ನೆಲೆಸಲಿಲ್ಲ. ಮರುವರ್ಷ ಹಿಟ್ಲರ್ ಅಧಿಕಾರಕ್ಕೆ ಬಂದು ಪ್ರಾಧ್ಯಾಪಕರನ್ನು ಕೆಲಸದಿಂದ ತೆಗೆಯತೊಡಗಿದಾಗ, ಅಂಥವರಿಗೆ ಅಮೆರಿಕದಲ್ಲಿ ಕೆಲಸ ಕೊಡಿಸಲು ಓಡಾಡಿದವರಲ್ಲಿ ಶುಂಪೀಟರ್ ಒಬ್ಬರು. ಇದನ್ನು ಹೇಳುವಾಗ ಇನ್ನೊಂದನ್ನು ಮುಚ್ಚಿಡಬಾರದು. ಅವರ ಖಾಸಗಿ ದಿನಚರಿಯಲ್ಲಿ ಯಹೂದಿಗಳ ಬಗ್ಗೆಯೂ ಇತರ ಜನಾಂಗಗಳ ಬಗ್ಗೆಯೂ ಇಂದು ಓದಲು ಮುಜುಗರವಾಗುವ ಬರಹವಿದೆ.

ಹಾರ್ವರ್ಡ್‌ನಲ್ಲಿ ಅವರು ವಿದ್ಯಾರ್ಥಿಗಳಿಗೆ ಬಹಳ ಸಮಯ ಕೊಡುತ್ತಿದ್ದರು, ಅಂಕ ಕೊಡುವುದರಲ್ಲೂ ಧಾರಾಳಿ. ಗ್ರಾತ್ಸ್‌ನವರು ಕೇಳಿದ್ದರೆ ನಂಬುತ್ತಿರಲಿಲ್ಲ. ಮುಂದೆ ನೊಬೆಲ್ ಪಡೆದ ಪಾಲ್ ಸ್ಯಾಮ್ಯುಯೆಲ್ಸನ್ ಮತ್ತು ಜೇಮ್ಸ್ ಟೋಬಿನ್ ಅವರ ಶಿಷ್ಯರು. ಮಾರ್ಕ್ಸ್‌ವಾದಿ ಪಾಲ್ ಸ್ವೀಜಿ ಅವರಿಗೆ ಆಪ್ತರು, ಅಭಿಪ್ರಾಯದಲ್ಲಿ ಮಾತ್ರ ಪೂರ್ವ ಪಶ್ಚಿಮ.

ಆದರೆ ಕಾಲ ಕೇನ್ಸ್ ಕಡೆಗಿತ್ತು. 1936ರಲ್ಲಿ ಕೇನ್ಸ್ ಪುಸ್ತಕ ಬಂದಾಗ ಹಾರ್ವರ್ಡ್ ವಿದ್ಯಾರ್ಥಿಗಳು ಅದನ್ನು ಇಂಗ್ಲೆಂಡಿನಿಂದ ತರಿಸಿಕೊಂಡು ಓದಿದರು. ಶುಂಪೀಟರ್ ಅವರ ವ್ಯಾಪಾರ ಚಕ್ರಗಳ ಪುಸ್ತಕ 1939ರಲ್ಲಿ ಬಂತು, ಎರಡು ಸಂಪುಟ, ಸಾವಿರಕ್ಕೂ ಹೆಚ್ಚು ಪುಟ. ಹೊಸತನ ಒಂದೊಂದಾಗಿ ಬರುವುದಿಲ್ಲ, ಹಿಂಡಾಗಿ ಬರುತ್ತದೆ ಎಂಬುದು ಅದರ ತಿರುಳು. ಹತ್ತಿ, ಕಬ್ಬಿಣ, ಹಬೆಯಂತ್ರದ್ದು ಒಂದು ಅಲೆ. ರೈಲಿನದು ಇನ್ನೊಂದು. ವಿದ್ಯುತ್, ರಾಸಾಯನಿಕ, ಮೋಟಾರು ವಾಹನದ್ದು ಮತ್ತೊಂದು. ಅಲೆ ಏರುವಾಗ ಸಾಲ, ಹೂಡಿಕೆ, ಉದ್ಯೋಗ ಏರುತ್ತವೆ. ಇಳಿಯುವಾಗ ಹಳೆಯ ಉದ್ಯಮಗಳು ಮುಚ್ಚುತ್ತವೆ. ಕೆಲಸ ಕಳೆದುಕೊಂಡು ಸಾಲಿನಲ್ಲಿ ನಿಂತಿದ್ದ ಲಕ್ಷಾಂತರ ಜನರಿಗೆ ಸರ್ಕಾರ ಏನು ಮಾಡಬೇಕು ಎಂದು ಕೇನ್ಸ್ ಹೇಳಿದರು. ಅಲೆ ತಾನಾಗಿ ಇಳಿದು ಏರುವುದನ್ನು ಕಾಯಬೇಕು ಎಂಬ ಧಾಟಿಯಲ್ಲಿ ಶುಂಪೀಟರ್ ಹೇಳಿದರು. ಹಸಿದವನಿಗೆ ಇಂಥ ಉತ್ತರ ರುಚಿಸುವುದಿಲ್ಲ, ಮತ್ತು ಇಲ್ಲಿ ಕೇನ್ಸ್ ಕಡೆಗೇ ನ್ಯಾಯವಿತ್ತು ಎಂದು ನನ್ನ ಅನಿಸಿಕೆ.

1942ರಲ್ಲಿ ಬಂದ ಬಂಡವಾಳಶಾಹಿ, ಸಮಾಜವಾದ ಮತ್ತು ಪ್ರಜಾಪ್ರಭುತ್ವ ಕುರಿತ ಪುಸ್ತಕವನ್ನು ಜನ ಓದಿದರು. ಸೃಜನಾತ್ಮಕ ವಿನಾಶ ಎಂಬ ಮಾತು ಪ್ರಸಿದ್ಧವಾದದ್ದು ಅದರಿಂದಲೇ. ಹತ್ತು ಪೈಸೆ ಕಡಿಮೆಗೆ ಮಾರುವ ಪಕ್ಕದ ಅಂಗಡಿ ನಿಜವಾದ ಪೈಪೋಟಿಯಲ್ಲ, ನಿಮ್ಮ ಅಂಗಡಿಯೇ ಬೇಡವಾಗುವಂಥ ಹೊಸ ವಸ್ತು ಬರುತ್ತದಲ್ಲ, ಅದು ನಿಜವಾದ ಪೈಪೋಟಿ ಎಂಬುದು ಅದರ ಸಾರ. ನಮ್ಮ ರಸ್ತೆಗಳ ಎಸ್‌ಟಿಡಿ ಬೂತ್‌ಗಳನ್ನು ಮುಚ್ಚಿಸಿದ್ದು ಇನ್ನೊಂದು ಎಸ್‌ಟಿಡಿ ಬೂತ್ ಅಲ್ಲ, ಮೊಬೈಲ್. ಬೂತ್ ನಡೆಸುತ್ತಿದ್ದವರ ಪಾಡೇನಾಯಿತು ಎಂಬ ಪ್ರಶ್ನೆಗೆ ಮಾತ್ರ ಶುಂಪೀಟರ್ ಪುಸ್ತಕಗಳಲ್ಲಿ ಹೆಚ್ಚು ಪುಟಗಳಿಲ್ಲ. ಅದೇ ಪುಸ್ತಕದಲ್ಲಿ ಬಂಡವಾಳಶಾಹಿ ತನ್ನ ಗೆಲುವಿನಿಂದಲೇ ಸವೆದು ಸಮಾಜವಾದಕ್ಕೆ ದಾರಿ ಬಿಡುತ್ತದೆ ಎಂಬ ಭವಿಷ್ಯವನ್ನೂ ನುಡಿದಿದ್ದರು. ಅದು ಹಾಗಾಗಲಿಲ್ಲ. ಸೃಜನಾತ್ಮಕ ವಿನಾಶದ ವಿಚಾರ ಮಾತ್ರ ಬೆಳೆಯಿತು. 1992ರಲ್ಲಿ ಫಿಲಿಪ್ ಅಗಿಯಾನ್ ಮತ್ತು ಪೀಟರ್ ಹೋವಿಟ್ ಅದಕ್ಕೆ ಗಣಿತದ ರೂಪ ಕೊಟ್ಟರು. 2025ರ ಅರ್ಥಶಾಸ್ತ್ರ ನೊಬೆಲ್ ಆ ಇಬ್ಬರಿಗೂ ಆರ್ಥಿಕ ಇತಿಹಾಸಕಾರ ಜೋಯಲ್ ಮೊಕಿರ್ ಅವರಿಗೂ ಸಂದಿತು.

1937ರಲ್ಲಿ ಶುಂಪೀಟರ್ ಎಲಿಜಬೆತ್ ಬೂಡಿ ಅವರನ್ನು ಮದುವೆಯಾಗಿದ್ದರು. ಎಲಿಜಬೆತ್ ಸ್ವತಃ ಅರ್ಥಶಾಸ್ತ್ರಜ್ಞೆ, ಜಪಾನಿನ ಆರ್ಥಿಕತೆಯನ್ನು ಆಳವಾಗಿ ಬಲ್ಲವರು. ಕೊನೆಯ ವರ್ಷಗಳಲ್ಲಿ ಶುಂಪೀಟರ್ ಗ್ರೀಕರಿಂದ ಹಿಡಿದು ತಮ್ಮ ಕಾಲದವರೆಗಿನ ಅರ್ಥಶಾಸ್ತ್ರ ಚಿಂತನೆಯ ಇತಿಹಾಸ ಬರೆಯುತ್ತಿದ್ದರು. ಅವರ ಓದು ದೊಡ್ಡದು, ಆದರೂ ಅದರಲ್ಲೊಂದು ದೊಡ್ಡ ಬಿರುಕಿದೆ. ಥಾಮಸ್ ಅಕ್ವಿನಾಸ್‌ಗೆ ಮೊದಲಿನ ಐನೂರು ವರ್ಷಗಳನ್ನು ಅವರು ಬಹುತೇಕ ಖಾಲಿ ಎಂದು ದಾಟಿಬಿಟ್ಟರು. ಭೂಕಂದಾಯ ಹೇಗಿರಬೇಕೆಂದು ಅಬೂ ಯೂಸುಫ್ ಬರೆದದ್ದು, ವಸ್ತು ವಿನಿಮಯದ ತೊಡಕನ್ನೂ ಹಣದ ಕೆಲಸವನ್ನೂ ಇಮಾಮ್ ಗಝಾಲಿ ವಿವರಿಸಿದ್ದು ಅದೇ ಶತಮಾನಗಳಲ್ಲಿ. ನಂತರ ಬಂದ ಇಬ್ನ್ ಖಲ್ದೂನ್ ಅವರ ಹೆಸರೂ ಪುಸ್ತಕದಲ್ಲಿ ಹಾಗೆ ಬಂದು ಹೀಗೆ ಹೋಗುತ್ತದೆ. 1980ರ ದಶಕದಿಂದ ಅಬ್ಬಾಸ್ ಮಿರಾಖೋರ್ ಮೊದಲಾದ ವಿದ್ವಾಂಸರು ಈ ಬಿರುಕನ್ನು ಎತ್ತಿ ತೋರಿಸಿ ತುಂಬುತ್ತಾ ಬಂದಿದ್ದಾರೆ. ಮುಂದೆ ಅರ್ಥಶಾಸ್ತ್ರ ಓದುವ ನಮ್ಮಲ್ಲಿ ಯಾರಿಗಾದರೂ ಅರಬಿ ಬರುತ್ತಿದ್ದರೆ ಅಲ್ಲಿ ಇನ್ನೂ ಬೇಕಾದಷ್ಟು ಕೆಲಸವಿದೆ.

1950ರ ಜನವರಿ 8ರಂದು ಅಮೆರಿಕದ ಕನೆಕ್ಟಿಕಟ್ ರಾಜ್ಯದ ಟಕಾನಿಕ್‌ನ ಮನೆಯಲ್ಲಿ, ಮಿದುಳಿನ ರಕ್ತಸ್ರಾವದಿಂದ ಶುಂಪೀಟರ್ ತೀರಿಕೊಂಡರು. ಆಗ ಅವರಿಗೆ 66 ವರ್ಷ. ಇತಿಹಾಸದ ಪುಸ್ತಕ ಮುಗಿದಿರಲಿಲ್ಲ, ಹಸ್ತಪ್ರತಿಯ ಹಾಳೆಗಳು ಬೇರೆ ಬೇರೆ ಕಡೆ ಬಿದ್ದಿದ್ದವು. ಎಲಿಜಬೆತ್ ಕಾಯಿಲೆಯಲ್ಲಿದ್ದರೂ ಅವನ್ನೆಲ್ಲ ಒಟ್ಟುಮಾಡಿ, ಜೋಡಿಸಿ, ತಿದ್ದಿ ಪುಸ್ತಕದ ರೂಪಕ್ಕೆ ತಂದರು. 1953ರಲ್ಲಿ ಅವರೂ ಹೋದರು. ಸಾವಿರದ ಇನ್ನೂರಕ್ಕೂ ಹೆಚ್ಚು ಪುಟಗಳ ಆ ಪುಸ್ತಕ ಅಚ್ಚಾಗಿ ಬಂದದ್ದು 1954ರಲ್ಲಿ.